ಅಕ್ಕ ಹಳತು ಮಾಡಿದ ಟ್ಯಾಂಕುಗಳು

ಕಳೆದ ತಿಂಗಳು ಕೊಟ್ಟಾರದ ಒಂದು ದಂತ ಚಿಕಿತ್ಸಾಲಯದಲ್ಲಿ ಹಲ್ಲಿಗೆ ಕ್ಯಾಪ್ ಹಾಕಿಸಲು ಕುರ್ಚಿಯ ಮೇಲೆ ಒರಗಿ ಕೂತಿದ್ದೆ. ಸಹಾಯಕಿ ಒಳಕೋಣೆಯ ಬಾಗಿಲು ತೆರೆದಳು. ಅಲ್ಲಿಂದ ಒಂದು ವಾಸನೆ ಹೊರಗೆ ಬಂತು. ಕಟ್ಟುಹಲ್ಲಿನ ಗುಲಾಬಿ ವಸಡು ಮಾಡುವಾಗ ಪುಡಿಗೆ ಬೆರೆಸುವ ದ್ರವದ ವಾಸನೆ ಅದು. ಕೊಳೆಯತೊಡಗಿದ ಹಣ್ಣಿನಂತೆ ಸ್ವಲ್ಪ ಸಿಹಿ, ಪೆಟ್ರೋಲಿನಂತೆ ಸ್ವಲ್ಪ ಕಟು. ನನ್ನ ಕಣ್ಣು ತುಂಬಿತು. ಡಾಕ್ಟರು ಬಗ್ಗಿ ನೋಡಿ, "ನೋವು ಉಂಟಾ ಮೇಡಂ?" ಎಂದರು. ಅವರಿನ್ನೂ ನನ್ನ ಬಾಯಿಗೆ ಕೈ ಹಾಕಿರಲಿಲ್ಲ.

ಅಂಥದ್ದೇ ಒಂದು ವಾಸನೆ ಹಿಂದೆ ಕೆಲವು ವರ್ಷ ನನ್ನ ಅಡುಗೆಮನೆಯಲ್ಲಿ ಇತ್ತು. ಶಕ್ತಿನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೆ, ಹಿಂಬದಿಯ ಕೋಣೆಯಿಂದ ಅದು ಮೆಟ್ಟಿಲು ಹತ್ತಿ ಬರುತ್ತಿತ್ತು.

ನಾನು ಘಟ್ಟದ ಮೇಲಿನವಳು. ವಾಮಂಜೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಕೆಲಸ ಸಿಕ್ಕಿ ಮಂಗಳೂರಿಗೆ ಬಂದೆ. ಮದುವೆಯಾಗದ ಹೆಂಗಸು ಒಬ್ಬಳೇ ಮನೆ ಹುಡುಕುವುದೆಂದರೆ ಏನೆಂದು ಹುಡುಕಿದವರಿಗೇ ಗೊತ್ತು. ಯಾಕೆ ಒಬ್ಬಳೇ, ಯಾರು ಬರುತ್ತಾರೆ, ಎಷ್ಟು ಗಂಟೆಗೆ ಬರುತ್ತಾರೆ ಎಂದು ಎಲ್ಲರೂ ವಿಚಾರಿಸುತ್ತಿದ್ದಾಗ ಶಕ್ತಿನಗರದ ಆ ಮನೆಯ ಯಜಮಾನಿ ಕೇಳಿದ್ದು ಒಂದೇ ಪ್ರಶ್ನೆ: "ಮೀನು ಹುರಿಯುವ ವಾಸನೆ ನಿಮಗೆ ಆಗ್ತದಾ?" ಆಗುತ್ತದೆ ಎಂದೆ. ಇನ್ನೊಂದು ವಾಸನೆಯ ಸುದ್ದಿಯನ್ನು ಅವರು ಎತ್ತಲಿಲ್ಲ.

ವಾರ ಕಳೆಯುವಷ್ಟರಲ್ಲಿ ನಾನು ಅವರನ್ನು ಅಕ್ಕ ಎಂದು ಕರೆಯತೊಡಗಿದ್ದೆ, ಅವರ ಗಂಡನನ್ನು ಭಾವ ಎಂದು. ಭಾವನದು ಒಂದು ಕಾಲಕ್ಕೆ ಊರ ಕಡೆ ಗದ್ದೆಗಳಿದ್ದ ಮನೆತನ. ಈಗ ಕೊಟ್ಟಾರದ ಜಂಕ್ಷನ್ನಿನ ಹತ್ತಿರ ಹೋಟೆಲು. ಅಕ್ಕ ಓದಿದ್ದು ದಂತ ವೈದ್ಯಕೀಯ. ಮದುವೆಯಾದ ಮೇಲೆ ಹೋಟೆಲಿನ ಮಾಳಿಗೆಯಲ್ಲೇ ಅವರ ಕ್ಲಿನಿಕ್ ಇತ್ತಂತೆ. ಅತ್ತೆ ಹಾಸಿಗೆ ಹಿಡಿದಾಗ ಕೆಲವು ತಿಂಗಳ ಮಟ್ಟಿಗೆ ಮುಚ್ಚುವುದು ಎಂದಾಯಿತು. ಅತ್ತೆ ಬಹಳ ವರ್ಷ ಬದುಕಿದರು. ಕ್ಲಿನಿಕ್ಕಿನ ಕೋಣೆ ಪಾರ್ಟಿ ಹಾಲ್ ಆಯಿತು.

ಅಕ್ಕನ ಹಿಂಬದಿಯ ಕೋಣೆಯನ್ನು ಮೊದಲು ನೋಡಿದ ದಿನ ಅವರು ಪತ್ರೊಡೆ ಹಾಕಿಕೊಟ್ಟಿದ್ದ ಪಾತ್ರೆ ಹಿಂತಿರುಗಿಸಲು ನಾನು ಹೋಗಿದ್ದೆ. ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಹಲ್ಲು ಕೆರೆಯುವ ಸಪೂರ ಸಲಾಕೆಗಳು, ಅಚ್ಚು ತೆಗೆಯುವ ಬಿಳಿ ಪ್ಲಾಸ್ಟರಿನ ಡಬ್ಬ, ಸಣ್ಣ ಕುಂಚಗಳು. ಕಟ್ಟುಹಲ್ಲು ಮಾಡುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಗೇಣುದ್ದದ ಒಂದು ಟ್ಯಾಂಕು. ಅದರ ಒಂದು ಬದಿ ಹಸಿರು, ಕಂದು ಬಣ್ಣದಲ್ಲಿ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಇನ್ನೊಂದು ಬದಿ ಎಷ್ಟೋ ಕಾಲ ಕೆಸರಿನಲ್ಲಿ ಓಡಿ, ಮಳೆಯಲ್ಲಿ ನಿಂತು, ಬಿಸಿಲಿನಲ್ಲಿ ಒಣಗಿದ ಹಾಗಿತ್ತು. ಬಣ್ಣ ಎದ್ದ ಕಡೆ ಕಬ್ಬಿಣ ಕಾಣುತ್ತಿತ್ತು. ಮೊಳೆಯ ತಲೆಗಳಿಂದ ತುಕ್ಕು ಇಳಿದಿತ್ತು. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದು ಹೇಗೆ ಎಂದು ನಾನು ಕೇಳಿದೆ.

"ಹಿಡಿಸಿದರೆ ಹಿಡಿಯುತ್ತದೆ," ಎಂದರು ಅಕ್ಕ. "ಕೂರು. ಮುಟ್ಟಬೇಡ, ಒಣಗಲಿಲ್ಲ."

ದುಬೈಯಲ್ಲಿದ್ದ ಅವರ ತಮ್ಮ ಒಮ್ಮೆ ರಜೆಗೆ ಬರುವಾಗ ಚಾಕೊಲೇಟು, ಅತ್ತರಿನ ಜೊತೆ ಒಂದು ಪೆಟ್ಟಿಗೆಯನ್ನೂ ತಂದಿದ್ದನಂತೆ. ಎರಡನೇ ಮಹಾಯುದ್ಧದ ಕಾಲದ ಫ್ರಾನ್ಸಿನ ಟ್ಯಾಂಕು, ನೂರಾರು ಬಿಡಿ ಚೂರುಗಳಲ್ಲಿ. ಯಾರದೋ ಮಕ್ಕಳಿಗೆಂದು ತಂದದ್ದು, ಮಕ್ಕಳಿಗೆ ಜೋಡಿಸಲು ಕಷ್ಟವೆಂದು ಇವರಲ್ಲೇ ಉಳಿಯಿತು. ಕ್ಲಿನಿಕ್ ಮುಚ್ಚಿದ ಮೇಲೆ ಸುಮ್ಮನಿದ್ದ ಕೈಗಳಿಗೆ ಕೆಲಸ ಸಿಕ್ಕಿತು. ಆಮೇಲೆ ತಮ್ಮನಿಗೆ ಹೇಳಿ ತರಿಸಿಕೊಂಡದ್ದೆಲ್ಲ ಅದೇ ಫ್ರಾನ್ಸಿನದು: ಟ್ಯಾಂಕು, ತೋಪು ಎಳೆಯುವ ಗಾಡಿ, ಆರು ಚಕ್ರದ ಲಾರಿ. ಬೇರೆ ದೇಶದ್ದು ಯಾಕೆ ಮಾಡುವುದಿಲ್ಲ ಎಂದರೆ ನಗುತ್ತಿದ್ದರು. ಗೆದ್ದವರದ್ದನ್ನು ಎಲ್ಲರೂ ಮಾಡುತ್ತಾರೆ ಎನ್ನುತ್ತಿದ್ದರು. ಆ ಟ್ಯಾಂಕುಗಳ ಉಕ್ಕು ದಪ್ಪ, ತೋಪು ದೊಡ್ಡದು, ಆದರೆ ಮೇಲಿನ ಗೋಪುರದಲ್ಲಿ ಒಬ್ಬನಿಗೆ ಮಾತ್ರ ಜಾಗ. "ಅವನೇ ನೋಡಬೇಕು, ಅವನೇ ಗುಂಡು ತುಂಬಬೇಕು, ಅವನೇ ಹೊಡೆಯಬೇಕು, ಕೆಳಗಿನವರಿಗೆ ಎಂತ ಮಾಡಬೇಕು ಅಂತ ಅವನೇ ಹೇಳಬೇಕು. ನಮ್ಮ ಅಡುಗೆಮನೆಯ ಹಾಗೆಯೇ ಉಂಟು ಮಾರಾಯ್ತಿ."

ಜೋಡಿಸುವುದು ಅವರಿಗೆ ದೊಡ್ಡ ವಿಷಯವಾಗಿರಲಿಲ್ಲ. ಅವರ ಮನಸ್ಸೆಲ್ಲ ಇದ್ದದ್ದು ಅದಾದ ಮೇಲಿನ ಕೆಲಸದಲ್ಲಿ. ಹೊಸ ಬಣ್ಣ ಬಳಿದ ಗಾಡಿಯನ್ನು ಹಳತು ಮಾಡುವುದು ಎನ್ನುತ್ತಿದ್ದರು ಅದಕ್ಕೆ. ತುಕ್ಕಿನ ಬಣ್ಣದ ಮೇಲೆ ನೀರು ಚಿಮುಕಿಸಿ ಉಪ್ಪಿನ ಹರಳು ಅಂಟಿಸುವರು. ಅದರ ಮೇಲೆ ಹಸಿರು ಬಣ್ಣ ಹಾಯಿಸಿ, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆಯುವರು. ಉಪ್ಪು ಕೂತಿದ್ದಲ್ಲೆಲ್ಲ ಬಣ್ಣ ಚಕ್ಕೆ ಎದ್ದ ಹಾಗಾಗುತ್ತಿತ್ತು. ಸೈನಿಕ ಎಲ್ಲಿ ಬೂಟು ಊರಿ ಹತ್ತುತ್ತಾನೆ, ಎಲ್ಲಿ ಕೈ ಹಿಡಿಯುತ್ತಾನೆ, ಪೆಟ್ರೋಲ್ ತುಂಬುವಾಗ ಎಲ್ಲಿ ಚೆಲ್ಲುತ್ತದೆ ಎಂದು ಯೋಚಿಸಿ ಅಲ್ಲಿ ಮಾತ್ರ ಸವೆಸುತ್ತಿದ್ದರು. ನನ್ನ ಜೊತೆ ಮಾರ್ಕೆಟ್ಟಿಗೆ ಹೊರಟವರು ಹೆದ್ದಾರಿಯ ಬದಿಯಲ್ಲಿ ನಿಂತ ಲಾರಿಯ ಹಿಂದೆ ಬಗ್ಗಿ ನೋಡುತ್ತಾ ನಿಂತುಬಿಡುತ್ತಿದ್ದರು. ಕೆಸರು ಹಸಿಯಿದ್ದಾಗ ಯಾವ ಬಣ್ಣ, ಒಣಗಿದರೆ ಯಾವ ಬಣ್ಣ... ಕ್ಲೀನರ್ ಬಂದು, "ಎಂತ ಅಕ್ಕ, ಏನಾದರೂ ಬಿತ್ತಾ?" ಎಂದು ಕೇಳಿದ್ದೂ ಉಂಟು. ಒಮ್ಮೆ ನಾನು ಅಂಗಳದ ಕೆಂಪು ಮಣ್ಣು ಜರಡಿ ಹಿಡಿದು ಕೊಟ್ಟೆ. ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಹಾಕಿದರೆ ಟ್ಯಾಂಕು ವಾಮಂಜೂರಿನಲ್ಲಿ ಓಡಿದ ಹಾಗೆ ಕಾಣ್ತದೆ," ಎಂದು ವಾಪಸು ಕೊಟ್ಟರು. ಫ್ರಾನ್ಸಿನ ಕೆಸರನ್ನು ಅವರು ಪ್ಲಾಸ್ಟರು, ಒಲೆಯ ಬೂದಿ, ಕಾಫಿ ಪುಡಿಯ ಚರಟ ಸೇರಿಸಿ ಮಾಡಿಕೊಳ್ಳುತ್ತಿದ್ದರು.

ನನಗೂ ಸ್ವಲ್ಪ ಕಲಿಸಿದರು. ಚೂರುಗಳ ಅಂಚು ಉಜ್ಜುವುದು, ಟ್ಯಾಂಕಿನ ಚಕ್ರಗಳ ಸುತ್ತಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಅಂಟಿಸುವುದು. ಭಾನುವಾರ ಮಧ್ಯಾಹ್ನಗಳು ಹಾಗೆ ಕಳೆಯುತ್ತಿದ್ದವು. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಅವರಿಗೆ ಮಕ್ಕಳಿಲ್ಲದ್ದಕ್ಕೆ ಹೀಗೆ ಹೊತ್ತು ಕಳೆಯುತ್ತಾರೆ ಎಂದು ನೆಂಟರಲ್ಲಿ ಒಬ್ಬರು ನನ್ನ ಎದುರೇ ಹೇಳಿದ್ದರು. ಅವರು ಹೋದ ಮೇಲೆ ಅಕ್ಕ, "ಮಕ್ಕಳಿದ್ದರೂ ಮಾಡ್ತಿದ್ದೆ," ಎಂದು ಕುಂಚ ತೊಳೆದರು. ಅಷ್ಟೇ.

ಭಾವ ಕೆಟ್ಟವರಲ್ಲ. ಇದನ್ನು ಈಗ ಹೇಳದಿದ್ದರೆ ಮುಂದೆ ಹೇಳುವುದಕ್ಕೆ ಅರ್ಥ ಇರುವುದಿಲ್ಲ. ಮನೆಯಲ್ಲಿ ಯುದ್ಧದ ಗಾಡಿ ಮಾಡುವುದು ಅಪಶಕುನ ಎಂದು ಅತ್ತೆ ಗಲಾಟೆ ಎಬ್ಬಿಸಿದಾಗ, "ಅಮ್ಮಾ, ಅವಳ ಕೋಣೆಯ ಸುದ್ದಿಗೆ ನೀವು ಹೋಗಬೇಡಿ, ಮುಗಿಯಿತು," ಎಂದು ಬಾಯಿ ಮುಚ್ಚಿಸಿದವರು ಅವರು. ಬಣ್ಣ ಊದುವ ಸಣ್ಣ ಗನ್ನು ತಂದುಕೊಟ್ಟವರು ಅವರು. ನನಗೆ ಜ್ವರ ಬಂದಾಗ ಹೋಟೆಲಿನಿಂದ ಗಂಜಿ, ಉಪ್ಪಿನಕಾಯಿ ಕಳಿಸುತ್ತಿದ್ದವರೂ ಅವರೇ. ಅವರು ಕೋಣೆಯೊಳಗೆ ಬಂದರೆ ಗಾಳಿ ಬಂದ ಹಾಗೆ. ಎಲ್ಲರನ್ನೂ ಮಾತಾಡಿಸುವರು, ಎಲ್ಲರನ್ನೂ ನಗಿಸುವರು. ಜನರಿಗೆ ಅವರೆಂದರೆ ಇಷ್ಟ. ಅವರಿಗೂ ಅದು ಇಷ್ಟ.

ಅಕ್ಕ ಒಂದೂವರೆ ವರ್ಷ ಕೂತು ಒಂದು ದೊಡ್ಡ ಕೆಲಸ ಮಾಡಿದರು. ಹಲಗೆಯ ಮೇಲೆ ಫ್ರಾನ್ಸಿನ ಹಳ್ಳಿಯೊಂದರ ರಸ್ತೆ. ರಸ್ತೆ ಬದಿಗೆ ಪೆಟ್ರೋಲ್ ಮುಗಿದು ನಿಂತ ದೊಡ್ಡ ಟ್ಯಾಂಕು. ಅದರಲ್ಲಿದ್ದವರು ಬಿಟ್ಟುಹೋಗಿದ್ದಾರೆ, ಬದಿಯ ಬಾಗಿಲು ತೆರೆದೇ ಇದೆ. ಹಿಂದೆ ಒಂದು ಲಾರಿ, ಅದರ ಚಕ್ರ ಚರಂಡಿಗೆ ಇಳಿದಿದೆ. ಒಂದೇ ಒಂದು ಮನುಷ್ಯನ ಬೊಂಬೆ ಇರಲಿಲ್ಲ. ಟ್ಯಾಂಕಿನ ಮೇಲೆ ಮಳೆ ನೀರು ಇಳಿದ ಗೆರೆಗಳಿದ್ದವು. ಕಣ್ಣು ಅವುಗಳ ಜೊತೆಗೇ ಕೆಳಗಿಳಿಯುತ್ತಿತ್ತು.

ನಗರದ ಒಂದು ಸಭಾಂಗಣದಲ್ಲಿ ಹವ್ಯಾಸಗಳ ಪ್ರದರ್ಶನವಿತ್ತು. ಅಂಚೆಚೀಟಿ, ನಾಣ್ಯ, ಬೊನ್ಸಾಯ್ ಗಿಡ, ಹೀಗೆ. ನಾನೇ ಒತ್ತಾಯ ಮಾಡಿ ಒಪ್ಪಿಸಿದೆ. ಇಡುವ ದಿನ ಅಕ್ಕನಿಗೆ ವಿಪರೀತ ತಲೆನೋವು. ಭಾವ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಜೋಪಾನವಾಗಿ ಕೊಂಡುಹೋದರು. ಅಲ್ಲಿನ ಸಂಘಟಕರಿಗೆ ಅವರ ಹೋಟೆಲು ಗೊತ್ತು, ಅವರೂ ಗೊತ್ತು. ಹಲಗೆ ಹಿಡಿದು ಬಂದವರ ಹೆಸರನ್ನೇ ಚೀಟಿಯಲ್ಲಿ ಬರೆದು ಎದುರಿಗಿಟ್ಟರು. ಸಂಜೆ ಬಹುಮಾನವೂ ಬಂತು. ಭಾವ ಕಪ್ ಹಿಡಿದು ಮನೆಗೆ ಬಂದು ಬಿದ್ದು ಬಿದ್ದು ನಕ್ಕರು. "ನನ್ನ ಹೆಸರು ಕರೆದರು ಮಾರಾಯ್ತಿ. ಅಷ್ಟು ಜನರ ಎದುರು ಅಲ್ಲ ಅಂತ ಹೇಗೆ ಹೇಳುವುದು?" ಅಕ್ಕನೂ ನಕ್ಕರು. ನಾನೂ ನಕ್ಕೆ. ಆ ಹೊತ್ತಿಗೆ ಅದು ನಗುವ ವಿಷಯವೇ ಆಗಿತ್ತು.

ಎರಡು ದಿನಕ್ಕೆ ಪತ್ರಿಕೆಯವರು ಹೋಟೆಲಿಗೆ ಬಂದರು. ಹೋಟೆಲ್ ಉದ್ಯಮಿಯ ಅಪೂರ್ವ ಹವ್ಯಾಸ ಎಂದು ಫೋಟೋ ಸಮೇತ ಸುದ್ದಿ ಬಂತು. ಫೋಟೋದಲ್ಲಿ ಭಾವ ಅಕ್ಕನ ಕುಂಚ ಹಿಡಿದಿದ್ದರು. ಪೆನ್ನು ಹಿಡಿದ ಹಾಗೆ. ಅಕ್ಕ ಆ ಪುಟವನ್ನು ತುಂಬ ಹೊತ್ತು ನೋಡಿದರು. "ಹೀಗೆ ಯಾರು ಹಿಡಿಯುತ್ತಾರೆ?" ಎಂದು ಮಾತ್ರ ಹೇಳಿದರು. ಆಮೇಲೆ ಹೋಟೆಲಿನಲ್ಲಿ ಗಾಜಿನ ಕಪಾಟು ಬಂತು. ಮನೆಯ ಕೋಣೆಯಲ್ಲಿದ್ದ ಗಾಡಿಗಳು ಒಂದೊಂದಾಗಿ ಅಲ್ಲಿಗೆ ಹೋದವು, ಅಲ್ಲಿ ಧೂಳು ಕೂರುವುದಿಲ್ಲ ಎಂಬ ಕಾರಣಕ್ಕೆ. ಕಪಾಟಿನ ಮೇಲೆ ಹಿತ್ತಾಳೆಯ ಬೋರ್ಡು, ಅದರಲ್ಲಿ ಭಾವನ ಹೆಸರು. ಊಟಕ್ಕೆ ಬಂದವರು ಕೇಳುತ್ತಿದ್ದರು, ಭಾವ ಹೇಳುತ್ತಿದ್ದರು. ಮೊದಮೊದಲು "ನಮ್ಮ ಮನೆಯಲ್ಲಿ ಮಾಡಿದ್ದು" ಎನ್ನುತ್ತಿದ್ದರು. ಅದು ಯಾವಾಗ "ನಾನು ಮಾಡಿದ್ದು" ಆಯಿತೋ, ಬಹುಶಃ ಅವರಿಗೂ ತಿಳಿಯಲಿಲ್ಲ. ಶಾಲೆಗಳಿಂದ ಕರೆ ಬಂತು, ಯಾವುದೋ ಸಂಘದ ಸನ್ಮಾನ ಬಂತು. ಸಂಜೆ ಮನೆಗೆ ಬಂದು ಅಕ್ಕನ ಪಕ್ಕ ಸ್ಟೂಲು ಎಳೆದು ಕೂತು, ಉಪ್ಪು ಯಾಕೆ ಹಾಕುವುದು, ಗೆರೆ ಹೇಗೆ ಎಳೆಯುವುದು ಎಂದು ಕೇಳಿ ಕೇಳಿ ಕಲಿಯುತ್ತಿದ್ದರು. ಮಾಡುವುದಕ್ಕಲ್ಲ, ಮಾತಾಡುವುದಕ್ಕೆ.

ಅಕ್ಕ ಒಮ್ಮೆ ಕೇಳಿದರು. ನಾನು ಅಲ್ಲಿಯೇ ಸರಪಳಿಯ ಕೊಂಡಿ ಉಜ್ಜುತ್ತಿದ್ದೆ.

"ಒಂದು ಸಲ ಹೇಳಿಬಿಡಿ ಅಲ್ವಾ, ಇದು ನನ್ನ ಕೆಲಸ ಅಂತ."

"ಹೇಳುವ. ಈಗ ಎಂತ ಅರ್ಜೆಂಟು? ನಿಂದು ನಂದು ಅಂತ ಉಂಟಾ ನಮ್ಮೊಳಗೆ?"

"ಇಲ್ಲ. ಆದರೂ ಹೇಳಿ."

"ಕಾಲೇಜಿನ ಕಾರ್ಯಕ್ರಮ ಉಂಟಲ್ಲ, ಅಲ್ಲಿ ನಿನ್ನನ್ನು ಸ್ಟೇಜಿಗೆ ಕರೆದು ಹೇಳ್ತೇನೆ. ಆಯ್ತಾ?"

ಆಯ್ತು ಎಂದರು ಅಕ್ಕ. ಆ ವಾರ ಅವರು ಹಸಿರು ಅಂಚಿನ ಕಾಟನ್ ಸೀರೆಯನ್ನು ಇಸ್ತ್ರಿಗೆ ಕೊಟ್ಟು ತರಿಸಿದ್ದು ನನಗೆ ನೆನಪಿದೆ.

ಆ ಕಾರ್ಯಕ್ರಮ ನಗರದ ಇನ್ನೊಂದು ಕಾಲೇಜಿನಲ್ಲಿ. ವಿದ್ಯಾರ್ಥಿಗಳಿಗೆ ಮಾಡೆಲುಗಳನ್ನು ಹಳತು ಮಾಡುವ ಪ್ರಾತ್ಯಕ್ಷಿಕೆ. ಸಭಾಂಗಣ ತುಂಬಿತ್ತು. ನಾನು ರಜೆ ಹಾಕಿ ಹೋಗಿ ಮೂರನೇ ಸಾಲಿನಲ್ಲಿ ಕೂತಿದ್ದೆ. ವೇದಿಕೆಯಲ್ಲಿ ಉದ್ದದ ಮೇಜು. ಕ್ಯಾಮೆರಾ ಹಿಡಿದು ಪರದೆಯ ಮೇಲೆ ದೊಡ್ಡದಾಗಿ ತೋರಿಸುವ ವ್ಯವಸ್ಥೆ. ತೋರಿಸಲಿಕ್ಕೆಂದು ಅಕ್ಕ ಅರ್ಧ ಬಣ್ಣ ಬಳಿದ ಒಂದು ಸಣ್ಣ ಗಾಡಿ ತಂದಿದ್ದರು. ನೋಡಲಿಕ್ಕೆ ಮಾತ್ರವೆಂದು ಹಲಗೆಯಿಂದ ಎತ್ತಿ ತಂದ ಆ ದೊಡ್ಡ ಟ್ಯಾಂಕೂ ಇತ್ತು. ಪ್ರಾಂಶುಪಾಲರು ಸ್ವಾಗತ ಮಾಡಿದರು. ಭಾವನ ಪರಿಚಯ ಓದಿದರು. ಅಕ್ಕನಿಗೆ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿ. ಸಾಮಾನು ಎತ್ತಿಕೊಡುವವರ ಕುರ್ಚಿ ಅದು.

ಭಾವ ಮೈಕು ಹಿಡಿದರು. "ನಾನು ಇದನ್ನು ಶುರು ಮಾಡಿದ್ದು ಹೇಗೆ ಅಂದರೆ..." ಎಂದು ಆರಂಭಿಸಿದರು. ದುಬೈಯ ಪೆಟ್ಟಿಗೆಯ ಕಥೆ ಬಂತು, ಲಾರಿಯ ಹಿಂದಿನ ಕೆಸರಿನ ಕಥೆ ಬಂತು. ಕ್ಲೀನರ್ ಕೇಳಿದ ಮಾತು ಕೂಡ ಬಂತು, "ಎಂತ ಅಣ್ಣ" ಎಂದಾಗಿ. ಸಭೆ ನಕ್ಕಿತು. ನಾನು ಅಕ್ಕನ ಮುಖ ನೋಡುತ್ತಿದ್ದೆ. ಅವರು ಮಡಿಲಲ್ಲಿ ಕೈ ಇಟ್ಟು, ಇನ್ನೇನು ಹೆಸರು ಕರೆಯುತ್ತಾರೆ ಎಂಬಂತೆ ಸ್ವಲ್ಪ ಮುಂದೆ ಸರಿದು ಕೂತಿದ್ದರು. ಕರೆಯಲಿಲ್ಲ.

"ಈಗ ಮಳೆಯ ಗೆರೆ ಹೇಗೆ ತೆಗೆಯುವುದು ತೋರಿಸ್ತೇನೆ," ಎಂದು ಭಾವ ಸಣ್ಣ ಗಾಡಿಯನ್ನು ಬದಿಗೆ ಸರಿಸಿ ದೊಡ್ಡ ಟ್ಯಾಂಕನ್ನು ಕ್ಯಾಮೆರಾದ ಕೆಳಗೆ ಎಳೆದುಕೊಂಡರು. ಪರದೆಯ ತುಂಬ ಅದು ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕ ಎದ್ದು ಅವರ ಕಿವಿಯ ಹತ್ತಿರ ತುಳುವಿನಲ್ಲಿ "ಅವು ಬೊಡ್ಚಿ," ಎಂದದ್ದು ಮೈಕಿನಲ್ಲಿ ಕೇಳಿಸಿತು. ಅದು ಬೇಡ ಎಂದು. ಭಾವ ನಕ್ಕು ಕೈಸನ್ನೆಯಲ್ಲೇ ಕೂರಿಸಿದರು.

ಮೇಜಿನ ಮೇಲೆ ಒಂದೇ ತರಹದ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಟರ್ಪೆಂಟೈನ್, ಬಣ್ಣವನ್ನು ತೆಳ್ಳಗೆ ಮಾಡಿ ಗೆರೆ ಎಳೆಯುವುದಕ್ಕೆ. ಇನ್ನೊಂದರಲ್ಲಿ ಗನ್ನು ತೊಳೆಯುವ ಥಿನ್ನರ್. ಅದು ಬಣ್ಣವನ್ನೂ ಕಿತ್ತು ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಅಕ್ಕ ಅವುಗಳ ಮೇಲೆ ಏನೂ ಬರೆದಿಡುತ್ತಿರಲಿಲ್ಲ, ಮೂಗಿಗೇ ಗೊತ್ತಾಗುತ್ತಿತ್ತು. ಭಾವ ಕೈಗೆ ಸಿಕ್ಕಿದ್ದರ ಮುಚ್ಚಳ ತೆಗೆದರು. ಕುಂಚವನ್ನು ಧಾರಾಳವಾಗಿ ಅದ್ದಿದರು. ಅಕ್ಕ ತಲೆ ಎತ್ತಿದರು. ಬಾಯಿ ತೆರೆದರು, ಮುಚ್ಚಿದರು. ಕೈಯನ್ನು ಮತ್ತೆ ಮಡಿಲಲ್ಲಿ ಇಟ್ಟುಕೊಂಡರು.

ಪರದೆಯ ಮೇಲೆ ಎಲ್ಲರೂ ನೋಡಿದೆವು. ಮೊದಲು ಕೆಸರು ಕರಗಿತು, ಆಮೇಲೆ ಹಸಿರು, ಕಂದು, ಕೆಳಗಿನ ತುಕ್ಕು. ಭಾವ ಗಾಬರಿಯಾಗಿ ಇನ್ನಷ್ಟು ಉಜ್ಜಿದರು. ಒಳಗಿನ ಬೂದು ಪ್ಲಾಸ್ಟಿಕ್ ಕಾಣಿಸಿತು, ಮೇಣದ ಹಾಗೆ ಮೆತ್ತಗಾಯಿತು, ಸಪೂರ ಹಿಡಿಕೆಗಳು ಕುಂಚಕ್ಕೆ ಅಂಟಿ ಎದ್ದು ಬಂದವು. ಒಂದೂವರೆ ವರ್ಷದ ಕೆಲಸ. ನಾನು ಪರದೆ ಬಿಟ್ಟು ಅಕ್ಕನನ್ನು ನೋಡಿದೆ. ಅವರು ಕಣ್ಣು ಮಿಟುಕಿಸದೆ ಟ್ಯಾಂಕನ್ನೇ ನೋಡುತ್ತಿದ್ದರು.

ಭಾವ ಕುಂಚ ಕೆಳಗಿಟ್ಟು ಮೈಕು ತೆಗೆದುಕೊಂಡರು. ನಕ್ಕರು.

"ಬಾಟ್ಲಿ ತುಂಬಿಸಿ ಇಟ್ಟದ್ದು ನನ್ನ ಹೆಂಡತಿ. ಹೋಮ್ ಮಿನಿಸ್ಟರ್ ತಪ್ಪು ಮಾಡಿದರೆ ಕೇಳುವ ಧೈರ್ಯ ಯಾರಿಗುಂಟು?"

ಇಡೀ ಸಭಾಂಗಣ ನಕ್ಕಿತು. ಪ್ರಾಂಶುಪಾಲರು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಬಾಟಲಿ ತೆಗೆದದ್ದು ಅವರು, ಟ್ಯಾಂಕು ಮಾಡಿದ್ದು ಆ ಹೆಂಗಸು, ಇಲ್ಲಿರುವುದೆಲ್ಲ ಆಕೆಯೇ ಮಾಡಿದ್ದು ಎಂದು ಹೇಳಿದೆ. ಜೋರಾಗಿಯೇ ಹೇಳಿದೆ. ತರಗತಿಯಲ್ಲಿ ಪಾಠ ಹೇಳುವ ಗಂಟಲು ನನ್ನದು. ತಲೆಗಳು ತಿರುಗಿದವು. ಪ್ರಾಂಶುಪಾಲರು ಬಹಳ ಸೌಜನ್ಯದಿಂದ, "ಮೇಡಂ, ಪ್ರಶ್ನೋತ್ತರ ಆಮೇಲೆ ಉಂಟು. ಕೂತ್ಕೊಳ್ಳಿ," ಎಂದರು.

ಆಮೇಲೆ ಪ್ರಶ್ನೋತ್ತರ ಇರಲಿಲ್ಲ. ಶಾಲು, ಫಲಪುಷ್ಪ, ವಂದನಾರ್ಪಣೆ, ರಾಷ್ಟ್ರಗೀತೆ.

ಸಂಜೆ ಅಕ್ಕ ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಗೆ ಬಂದರು. ಸೀರೆ ಬದಲಾಯಿಸಿರಲಿಲ್ಲ. ಚಾ ಮಾಡಿದೆ. ಕುಡಿಯಲಿಲ್ಲ.

"ನೀನು ಎಂತಕ್ಕೆ ಎದ್ದು ನಿಂತದ್ದು?"

"ಸುಳ್ಳು ಹೇಳಿದರಲ್ಲ ಅಕ್ಕ."

"ಮುಚ್ಚಳ ತೆಗೆದಾಗಲೇ ನನಗೆ ಗೊತ್ತಾಯ್ತು, ಥಿನ್ನರ್ ಅಂತ. ವಾಸನೆ ಬಂತು."

"ಮತ್ತೆ ಹೇಳಲಿಲ್ಲ ಯಾಕೆ?"

"ಹಾಳಾಗಲಿ ಅಂತ. ಅದೊಂದು ಹೋದರೆ ಹೋಗಲಿ, ಇವರಿಗೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ತದೆ ಅಂದ್ಕೊಂಡೆ." ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದರು. "ಗೊತ್ತಾದದ್ದು ಎಂತ ಹೇಳು? ನನಗೆ ಬಾಟ್ಲಿ ಇಡಲಿಕ್ಕೂ ಬರುವುದಿಲ್ಲ ಅಂತ."

ಅವರು ಅಳಲಿಲ್ಲ.

ಮರುದಿನ ಭಾವ ನನ್ನ ಜೊತೆ ಎಂದಿನಂತೆಯೇ ಮಾತಾಡಿದರು. ತಿಂಗಳ ಕೊನೆಗೆ, ಮುಂಬೈಯಿಂದ ನೆಂಟರು ಬಂದು ಇರುವವರಿದ್ದಾರೆ, ಮೇಲಿನ ಮನೆ ಬೇಕಾಗುತ್ತದೆ ಎಂದರು. ಬೇರೆ ಮನೆ ಹುಡುಕಲು ತಾವೇ ಸಹಾಯ ಮಾಡುತ್ತೇನೆ ಎಂದೂ ಹೇಳಿದರು. ನಾನು ಕೆಳಗೆ ಹೋಗಿ ಅಕ್ಕನಿಗೆ ಹೇಳಿದಾಗ ಅವರು ಕುಂಚಗಳನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ತುಂಬುತ್ತಿದ್ದರು. "ನೀನು ಹೋಗುವುದೇ ಒಳ್ಳೇದು," ಎಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸಾಮಾನು ಕಟ್ಟಿ ವಾಮಂಜೂರಿಗೆ, ಕಾಲೇಜಿನ ಹತ್ತಿರದ ಒಂದು ಮನೆಗೆ ಹೋದೆ. ಗಾಡಿಗೆ ಸಾಮಾನು ಹೇರುವಾಗ ಅಕ್ಕ ಗೇಟಿನವರೆಗೆ ಬಂದಿದ್ದರು. ಮುಂಬೈಯ ನೆಂಟರು ಯಾರೂ ಬರಲಿಲ್ಲ ಎಂದು ಆಮೇಲೆ ತಿಳಿಯಿತು.

ಅಕ್ಕ ಮತ್ತೆ ಒಂದೂ ಮಾಡೆಲು ಮಾಡಲಿಲ್ಲ. ಅದರ ನಂತರ ನಾವು ಭೇಟಿಯಾದದ್ದು ಕೆಲವೇ ಸಲ, ಅದೂ ಅಲ್ಲಿ ಇಲ್ಲಿ. ಒಮ್ಮೆ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ಈಗ ಏನೂ ಮಾಡುತ್ತಿಲ್ಲವೇ ಎಂದು ಕೇಳಿದೆ. "ಕಣ್ಣು ಸರಿ ಕಾಣುವುದಿಲ್ಲ," ಎಂದರು. ಅಷ್ಟರಲ್ಲಿ ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. ನಾನು ಕಣ್ಣು ಕಿರಿದು ಮಾಡುತ್ತಿರುವಾಗಲೇ ಅವರು ಅದರ ನಂಬರನ್ನು ಓದಿ, "ನಿಂದೇ," ಎಂದರು.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಪತ್ರಿಕೆಯಲ್ಲಿ. ಮೆದುಳಿನಲ್ಲಿ ರಕ್ತಸ್ರಾವವಾಗಿ ಒಂದೇ ದಿನದಲ್ಲಿ ಮುಗಿದುಹೋಗಿತ್ತು. ಹೆಸರಾಂತ ಹೋಟೆಲ್ ಉದ್ಯಮಿಯವರ ಧರ್ಮಪತ್ನಿ ಎಂದು ಹಾಕಿದ್ದರು. ಹೆಸರಿನ ಹಿಂದೆ ಡಾಕ್ಟರ್ ಎಂದೂ ಇರಲಿಲ್ಲ. ಉತ್ತರಕ್ರಿಯೆಗೆ ಹೋದೆ. ಊಟಕ್ಕೆ ಮೊದಲು ನುಡಿನಮನ ಇತ್ತು. ಒಬ್ಬ ಹಿರಿಯರು ಎದ್ದು ನಿಂತು, ಪತಿಯ ಹವ್ಯಾಸಕ್ಕೆ ಬೆನ್ನೆಲುಬಾಗಿ ನಿಂತ ತಾಯಿ ಎಂದರು. ಎಲ್ಲರೂ ತಲೆದೂಗಿದರು. ಭಾವ ಮುಂದಿನ ಸಾಲಿನಲ್ಲಿ ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದರು. ಆ ಅಳು ನಿಜದ್ದು. ಅದು ನಿಜದ್ದು ಎಂಬುದೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಊಟಕ್ಕೆ ಕೂರದೆ ಬಂದೆ.

ದಂತ ಚಿಕಿತ್ಸಾಲಯದಿಂದ ಹೊರಗೆ ಬಂದ ಆ ದಿನ, ಮರಗಟ್ಟಿದ ತುಟಿ ಹಿಡಿದುಕೊಂಡು ಕೊಟ್ಟಾರದ ಆ ಹೋಟೆಲಿಗೆ ನಡೆದೆ. ವರ್ಷಗಳೇ ಆಗಿದ್ದವು ಹೋಗದೆ. ಕಪಾಟು ಅಲ್ಲೇ ಇತ್ತು. ಬಿಸಿಲು ಬೀಳುವ ಕಡೆ ಇಟ್ಟಿದ್ದಾರೆ. ಅಂಟು ಸತ್ತು ಚಕ್ರಗಳು ಬಿದ್ದಿದ್ದವು. ಸರಪಳಿಗಳು ಮುರಿದು ನೇತಾಡುತ್ತಿದ್ದವು. ಒಂದು ಲಾರಿಯ ಮುಂಭಾಗವನ್ನು ಯಾರೋ ಸೆಲ್ಲೊಟೇಪು ಹಾಕಿ ನಿಲ್ಲಿಸಿದ್ದರು.

ಭಾವ ಕೌಂಟರಿನ ಹಿಂದಿನಿಂದ ಎದ್ದು ಬಂದರು. ತುಂಬ ಇಳಿದುಹೋಗಿದ್ದಾರೆ. ನನ್ನನ್ನು ನೋಡಿ ಸಂತೋಷಪಟ್ಟರು, ಕೈ ಹಿಡಿದುಕೊಂಡರು.

"ನೋಡು, ಎಲ್ಲ ಬಿದ್ದುಹೋಗ್ತಾ ಉಂಟು. ನನಗೆ ಈಗ ಕೈ ನಡುಗ್ತದೆ, ಆಗುವುದಿಲ್ಲ. ನಿನಗೆ ಸ್ವಲ್ಪ ಗೊತ್ತುಂಟಲ್ಲ. ಸರಿ ಮಾಡಿ ಕೊಡ್ತೀಯಾ?"

"ಮಾಡ್ತೇನೆ," ಎಂದೆ. "ಬೋರ್ಡಿನಲ್ಲಿ ಅಕ್ಕನ ಹೆಸರು ಹಾಕಿಸಿ."

"ಅವಳದ್ದಾ?" ಅವರು ನನ್ನನ್ನು ನೋಡಿದರು. ಕಣ್ಣಲ್ಲಿ ನೀರು ಬಂತು. "ಅವಳು ಬಣ್ಣ ಕಲಸಿ ಕೊಡ್ತಿದ್ದಳು, ಹೌದು. ಪಾಪ, ನಾನು ಕೆಲಸ ಮಾಡುವಾಗ ಪಕ್ಕದಲ್ಲೇ ಕೂತಿರ್ತಿದ್ದಳು. ನಿನಗೆ ನೆನಪುಂಟಲ್ಲ?"

ಅವರ ಮುಖವನ್ನು ಎಷ್ಟು ಹುಡುಕಿದರೂ ಅಲ್ಲಿ ಸುಳ್ಳು ಸಿಗಲಿಲ್ಲ. ಸುಳ್ಳು ಹೇಳುವವರ ಜೊತೆ ಜಗಳವಾಡಬಹುದು. ಇವರು ಆ ಸ್ಟೂಲಿನಲ್ಲಿ ಕೂತದ್ದನ್ನೂ ಅಕ್ಕ ಕುರ್ಚಿಯಲ್ಲಿ ಕೂತದ್ದನ್ನೂ ಅದಲು ಬದಲು ಮಾಡಿಕೊಂಡು ಅದನ್ನೇ ನೆನೆದು ಅಳುತ್ತಿದ್ದರು. ನಾನು ಆಡಬೇಕಾದ್ದನ್ನೆಲ್ಲ ಆಡಿದೆ. ಅಕ್ಕನೇ ಮಾಡಿದ್ದು, ಒಂದೊಂದನ್ನೂ ಅಕ್ಕನೇ ಮಾಡಿದ್ದು ಎಂದೆ. ಭಾವ ನನ್ನ ಭುಜ ತಟ್ಟಿ, "ನಿಮಗಿಬ್ಬರಿಗೆ ಬಹಳ ಪ್ರೀತಿ ಇತ್ತು," ಎಂದರು.

ಮನೆಗೆ ಬಂದು ಎರಡು ದಿನ ಯೋಚಿಸಿದೆ. ನಾನು ಮುಟ್ಟದಿದ್ದರೆ ಮುಂದಿನ ಮಳೆಗಾಲದೊಳಗೆ ಆ ಕಪಾಟು ಕಸವಾಗುತ್ತದೆ. ಅಕ್ಕನ ಕೈ ಈ ಭೂಮಿಯ ಮೇಲೆ ಉಳಿದಿರುವುದು ಅಲ್ಲಿ ಮಾತ್ರ. ಸರಿ ಮಾಡಿದರೆ ಅದರ ಜೊತೆ ಆ ಬೋರ್ಡೂ ಉಳಿಯುತ್ತದೆ. ಹೋದೆ.

ಈಗ ಶನಿವಾರ ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ ಹೋಗಿ ಕಪಾಟಿನ ಎದುರು ಕೂರುತ್ತೇನೆ. ಬಿದ್ದ ಚಕ್ರ ಅಂಟಿಸುತ್ತೇನೆ, ಕೊಂಡಿ ಜೋಡಿಸುತ್ತೇನೆ. ಬಣ್ಣಕ್ಕೆ ಮಾತ್ರ ಕೈ ಹಾಕುವುದಿಲ್ಲ. ಅದು ಬರುತ್ತಿದ್ದದ್ದು ಒಬ್ಬರಿಗೆ, ಅವರು ಇಲ್ಲ. ತಡವಾಗಿ ಊಟಕ್ಕೆ ಬಂದ ಮನೆಮಂದಿ ನನ್ನ ಹಿಂದೆ ನಿಂತು ನೋಡುತ್ತಾರೆ. ಇದನ್ನೆಲ್ಲ ಮಾಡಿದ್ದು ಯಾರು ಎಂದು ಕೇಳುತ್ತಾರೆ. ಈ ಹೋಟೆಲಿನವರ ಹೆಂಡತಿ, ಹಲ್ಲಿನ ಡಾಕ್ಟರು, ತೀರಿಕೊಂಡರು ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಅವರು ಒಮ್ಮೆ ಬೋರ್ಡು ಓದುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. ಆಮೇಲೆ ಕೈ ತೊಳೆಯಲು ಹೋಗುತ್ತಾರೆ.